ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಓದದಿದ್ದಾಗ ದೋಷ ಎಲ್ಲಿದೆಯೆಂದು ಹುಡುಕುವ ಕ್ರಮ

ಹಳೆಯ ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಕಾಪಿಡುವ ಕೆಲಸವನ್ನು ನಾನು ಕುಮಟಾದ ಮನೆಯಲ್ಲಿ ಬಹಳ ವರ್ಷಗಳಿಂದ ಮಾಡುತ್ತಿರುವುದರಿಂದ, ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಕಾರವಾರ, ಅಂಕೋಲಾ, ಶಿರಸಿ ಕಡೆಯ ನೆಂಟರೂ ಸ್ನೇಹಿತರೂ ಅದನ್ನು ಹಿಡಿದುಕೊಂಡು ನನ್ನಲ್ಲಿಗೆ ಬರುತ್ತಾರೆ. ಹೀಗೆ ಬರುವುದು ಮಳೆಗಾಲದಲ್ಲಿ ಹೆಚ್ಚು. ಬಂದವರೆಲ್ಲರೂ ಹೇಳುವುದು ‘ಡಿಸ್ಕ್ ಹಾಳಾಗಿದೆ’ ಎಂಬ ಒಂದೇ ಮಾತನ್ನು. ಆದರೆ ತೆಗೆದು ನೋಡಿದರೆ ಹಲವು ಡಿಸ್ಕ್‌ಗಳಿಗೆ ಏನೂ ಆಗಿರುವುದಿಲ್ಲ. ಇನ್ನು ಕೆಲವಕ್ಕೆ ಮೊದಲು ಸಣ್ಣ ತೊಂದರೆಯಷ್ಟೇ ಇದ್ದು, ಅದನ್ನು ಸರಿಪಡಿಸಲು ಮಾಡಿದ ಪ್ರಯತ್ನದಿಂದಲೇ ದೊಡ್ಡ ಹಾನಿಯಾಗಿರುತ್ತದೆ.

ಒಂದು ಕಡತ ತೆರೆಯಬೇಕಾದರೆ ಲೋಹದ ಲೇಪವಿರುವ ತಟ್ಟೆ, ಅದರ ಮೇಲೆ ತೇಲುತ್ತ ಓದುವ, ಬರೆಯುವ ಹೆಡ್, ಡಿಸ್ಕ್‌ನ ಸರ್ಕ್ಯೂಟ್, ಅದನ್ನು ಯುಎಸ್‌ಬಿಗೆ ಜೋಡಿಸುವ ಬ್ರಿಡ್ಜ್ ಬೋರ್ಡ್, ಕೇಬಲ್, ಪೋರ್ಟ್, ಕೊನೆಗೆ ಯಾವ ಕಡತ ಎಲ್ಲಿದೆಯೆಂಬ ಲೆಕ್ಕವಿಡುವ ಫೈಲ್ ಸಿಸ್ಟಮ್, ಇವೆಲ್ಲವೂ ಸರಿಯಾಗಿ ಕೆಲಸ ಮಾಡಬೇಕು. ಇವುಗಳಲ್ಲಿ ಯಾವುದು ಕೆಟ್ಟರೂ ಪರದೆಯ ಮೇಲೆ ಬರುವ ಸಂದೇಶ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಆದ್ದರಿಂದ ಹೊರಗಿನಿಂದ ಒಳಕ್ಕೆ ಒಂದೊಂದೇ ಹೆಜ್ಜೆ ಹೋಗಬೇಕು, ಮತ್ತು ಒಳಗಿರುವ ಮಾಹಿತಿ ಬೇರೆ ಕಡೆ ಭದ್ರವಾಗಿ ಸೇರುವವರೆಗೆ ಆ ಡಿಸ್ಕ್‌ನ ಮೇಲೆ ಒಂದಕ್ಷರವನ್ನೂ ಬರೆಯಬಾರದು. ಈ ಲೇಖನದ ಪ್ರತಿ ಹಂತವೂ ಈ ಎರಡು ನಿಯಮಗಳ ಮೇಲೆ ನಿಂತಿದೆ.

ಮೊದಲು ಮಾಡಬಾರದ ಕೆಲಸಗಳು

ಡಿಸ್ಕ್ ಜೋಡಿಸಿದ ಕೂಡಲೇ ‘ಇದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದರೆ ‘ಕ್ಯಾನ್ಸಲ್’ ಒತ್ತಿರಿ. ಡಿಸ್ಕ್‌ನಲ್ಲಿ ದೋಷವಿದೆ, ಸರಿಪಡಿಸಲೇ ಎಂದು ಕೇಳಿದರೂ ಒಪ್ಪಬೇಡಿ. ಚೆಕ್‌ಡಿಸ್ಕ್ ಎಂಬ ಸಾಧನವನ್ನು ದುರಸ್ತಿಯ ಆಯ್ಕೆಯೊಂದಿಗೆ ಓಡಿಸುವುದಂತೂ ಈ ಹಂತದಲ್ಲಿ ಸಲ್ಲದು, ಏಕೆಂದರೆ ಅದರ ಗುರಿ ಫೈಲ್ ಸಿಸ್ಟಮ್‌ನ ಲೆಕ್ಕವನ್ನು ಸರಿಹೊಂದಿಸುವುದೇ ಹೊರತು ನಿಮ್ಮ ಕಡತಗಳನ್ನು ಉಳಿಸುವುದಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮ ದೊಡ್ಡಪ್ಪನವರು ದಶಕಗಳ ಕಾಲ ಕೂಡಿಟ್ಟಿದ್ದ ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ನಾನು ಒಂದು ಡಿಸ್ಕ್‌ಗೆ ತುಂಬಿಸಿದ್ದೆ. ಅದು ಒಂದೆರಡು ಕಡತಗಳನ್ನು ಓದಲು ತಡವರಿಸಿದಾಗ, ರಾತ್ರಿ ಮಲಗುವ ಮೊದಲು ಚೆಕ್‌ಡಿಸ್ಕ್‌ಗೆ ದುರಸ್ತಿಯ ಆಜ್ಞೆ ಕೊಟ್ಟು ಹೋದೆ. ಬೆಳಿಗ್ಗೆ ಎದ್ದು ನೋಡಿದರೆ ಪ್ರಸಂಗದ ಹೆಸರು, ಅರ್ಥಧಾರಿಗಳ ಹೆಸರು, ಊರು, ತಾರೀಖು ಹಾಕಿ ಜೋಡಿಸಿಟ್ಟಿದ್ದ ಫೋಲ್ಡರ್‌ಗಳ ಬದಲು ‘ಫೌಂಡ್.000’ ಎಂಬ ಒಂದು ಫೋಲ್ಡರ್ ಇತ್ತು. ಅದರೊಳಗೆ ಹೆಸರಿಲ್ಲದ, ಬರಿಯ ಅಂಕಿಗಳಿದ್ದ ತುಂಡುಗಳಿದ್ದವು. ಎರಡು ಕಡತಗಳಿಗಿದ್ದ ತೊಂದರೆ ಇಡೀ ಸಂಗ್ರಹಕ್ಕೆ ಹಬ್ಬಿತ್ತು. ಕೆಲವು ಧ್ವನಿಮುದ್ರಣಗಳನ್ನು ಕೇಳಿ ಕೇಳಿ ಗುರುತಿಸಿದೆ, ಉಳಿದವು ಮರಳಿ ಸಿಗಲಿಲ್ಲ.

ಕಿವಿಗೊಟ್ಟು ಕೇಳಿ

ಮುಂದಿನ ಯಾವ ಪರೀಕ್ಷೆಗಿಂತಲೂ ಮೊದಲು ಡಿಸ್ಕನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ಫ್ಯಾನ್ ನಿಲ್ಲಿಸಿ, ಒಮ್ಮೆ ಜೋಡಿಸಿ ಅದರ ಶಬ್ದವನ್ನು ಕೇಳಿ. ಮೆಲ್ಲಗೆ ತಿರುಗುವ ಸದ್ದು ಬಂದು ಅದು ಸಮವಾಗಿ ನಿಂತರೆ ಮುಂದುವರಿಯಬಹುದು. ಲಯಬದ್ಧವಾಗಿ ಟಕ್, ಟಕ್ ಎಂದು ಬಡಿಯುವ ಶಬ್ದ ಬಂದರೆ, ಹೆಡ್ ತನ್ನ ಜಾಗವನ್ನು ಗುರುತಿಸಲಾಗದೆ ಮತ್ತೆ ಮತ್ತೆ ಹಿಂದಕ್ಕೆ ಬರುತ್ತಿರುವ ಸಾಧ್ಯತೆ ಹೆಚ್ಚು. ಆಗ ಒಂದು ಸಲ ಮಾತ್ರ ಬೇರೆ ಒಳ್ಳೆಯ ಕೇಬಲ್ ಮತ್ತು ಪೋರ್ಟ್‌ನಲ್ಲಿ ನೋಡಿ, ಅಲ್ಲಿಯೂ ಅದೇ ಶಬ್ದ ಬಂದರೆ ತಕ್ಷಣ ತೆಗೆದುಬಿಡಿ. ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲಬೇಕಾದ ಹೆಡ್ ಹಾಳಾಗಿದ್ದರೆ, ಪ್ರತಿ ನಿಮಿಷವೂ ತಟ್ಟೆಯ ಲೇಪವನ್ನು ಕೆರೆಯುವ ಅಪಾಯವಿರುತ್ತದೆ. ಸಣ್ಣಗೆ ಬೀಪ್ ಎನ್ನುವ ಅಥವಾ ಗುಂಯ್‌ಗುಡುತ್ತ ತಿರುಗಲಾಗದೆ ನಿಲ್ಲುವ ಶಬ್ದವಾದರೆ ಸಾಕಷ್ಟು ವಿದ್ಯುತ್ ಸಿಗುತ್ತಿಲ್ಲ ಅಥವಾ ಮೋಟರ್ ಅಂಟಿಕೊಂಡಿದೆ ಎಂದು ತಿಳಿಯಬೇಕು.

ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಸರಿಯಾಗುತ್ತದೆಂಬ ಸಲಹೆಯನ್ನು ಈಗಲೂ ಕೇಳುತ್ತೇವೆ. ನಮ್ಮ ಕರಾವಳಿಯ ಹವೆಯಲ್ಲಿ ಫ್ರೀಜರಿನಿಂದ ತೆಗೆದ ಯಾವ ವಸ್ತುವಿನ ಮೇಲಾದರೂ ಕ್ಷಣಮಾತ್ರದಲ್ಲಿ ನೀರ ಹನಿ ಕೂರುವುದನ್ನು ಎಲ್ಲರೂ ಕಂಡಿದ್ದಾರೆ. ಗಾಳಿಯಾಡುವ ಸಣ್ಣ ರಂಧ್ರವಿರುವ ಡಿಸ್ಕ್‌ನ ಒಳಗೂ ಆ ತೇವ ಸೇರಬಹುದು. ಆದ್ದರಿಂದ ಈ ಸಲಹೆಯನ್ನು ಯಾರು ಹೇಳಿದರೂ ಪಾಲಿಸಬೇಡಿ.

ಕೇಬಲ್, ಪೋರ್ಟ್, ವಿದ್ಯುತ್

ಕಳೆದ ಮಳೆಗಾಲದಲ್ಲಿ ಕಾರವಾರದ ಸ್ನೇಹಿತರೊಬ್ಬರು ತಂದ ಡಿಸ್ಕ್‌ನ ಕೇಬಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಕನ್ನಡಿಯಲ್ಲಿ ನೋಡಿದೆ. ಅಗಲವಾದ, ಎರಡು ಭಾಗಗಳಿರುವ ಮೈಕ್ರೋ-ಬಿ ತುದಿಯ ಸಣ್ಣ ಸಂಪರ್ಕ ಪಟ್ಟಿಗಳ ಪೈಕಿ ಎರಡರ ಮೇಲೆ ಹಸಿರು ಕಿಲುಬು ಕೂತಿತ್ತು. ದೇವರ ಮನೆಯ ತಾಮ್ರದ ತಂಬಿಗೆಗೆ ಹುಣಸೆಹಣ್ಣು ಹಚ್ಚದೆ ಬಿಟ್ಟರೆ ಕೂರುವ ಬಣ್ಣವೇ ಅದು. ಡಿಸ್ಕ್ ಐದು ನಿಮಿಷ ಓಡಿ, ತಾನಾಗಿಯೇ ಮಾಯವಾಗಿ, ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಹೊಸ ಕೇಬಲ್ ಹಾಕಿ, ಡಿಸ್ಕ್‌ನ ಕಡೆಯ ತೂತನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಮೃದು ಕುಂಚದಿಂದ ಒರೆಸಿ, ಪೂರ್ತಿ ಆರಿದ ಮೇಲೆ ಜೋಡಿಸಿದಾಗ ಅದೇ ಡಿಸ್ಕ್ ಒಂದು ತಪ್ಪೂ ಇಲ್ಲದೆ ಕೊನೆಯವರೆಗೆ ಓದಿಸಿಕೊಂಡಿತು. ಸಮುದ್ರದ ಉಪ್ಪುಗಾಳಿ ಮತ್ತು ಮಳೆಗಾಲದ ತೇವ ಸೇರಿದ ಈ ಪ್ರದೇಶದಲ್ಲಿ ಮೊದಲು ಅನುಮಾನಿಸಬೇಕಾದದ್ದು ಕೇಬಲ್ಲನ್ನೇ.

ಎರಡನೆಯದು ವಿದ್ಯುತ್. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್, ಯುಎಸ್‌ಬಿ 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡುವಂತೆ ನಿಗದಿಯಾಗಿದೆ. ಎರಡೂವರೆ ಅಂಗುಲದ ಡಿಸ್ಕ್ ತಿರುಗಲು ಆರಂಭಿಸುವ ಗಳಿಗೆಯಲ್ಲಿ ಇದಕ್ಕೆ ಹತ್ತಿರದ ಅಥವಾ ಇದನ್ನೂ ಮೀರಿದ ವಿದ್ಯುತ್ತನ್ನು ಎಳೆಯಬಹುದು. ಆದ್ದರಿಂದ ಡೆಸ್ಕ್‌ಟಾಪ್‌ನ ಮುಂದಿನ ಪೋರ್ಟ್ ಬಿಟ್ಟು ಮದರ್‌ಬೋರ್ಡ್‌ಗೆ ನೇರವಾಗಿ ಕೂಡಿರುವ ಹಿಂದಿನ ಪೋರ್ಟ್‌ಗೆ ಜೋಡಿಸಿ, ಉದ್ದದ ಕೇಬಲ್ ಬದಲು ಗಿಡ್ಡ ಕೇಬಲ್ ಬಳಸಿ, ವಿದ್ಯುತ್ ಅಡಾಪ್ಟರ್ ಇಲ್ಲದ ಹಬ್ಬನ್ನು ಪಕ್ಕಕ್ಕಿಡಿ. ಮೂರೂವರೆ ಅಂಗುಲದ ದೊಡ್ಡ ಡಿಸ್ಕ್ ಆದರೆ ಅದರ 12 ವೋಲ್ಟ್ ಅಡಾಪ್ಟರ್ ಬದಲಿಸಿ ನೋಡಬೇಕು. ಹಳೆಯ ಅಡಾಪ್ಟರ್ ಹಗುರವಾದ ಕೆಲಸಕ್ಕೆ ಸಾಕಾಗಿ, ದೊಡ್ಡ ಕಡತ ನಕಲಿಸುವಾಗ ಕುಸಿಯುವುದುಂಟು.

ಹವಾನಿಯಂತ್ರಿತ ಕೋಣೆ ಅಥವಾ ಕಾರಿನಿಂದ ತಂದ ತಣ್ಣನೆಯ ಡಿಸ್ಕನ್ನು ಕೂಡಲೇ ಜೋಡಿಸಬೇಡಿ. ಚೀಲದೊಳಗೇ ಒಂದು ತಾಸು ಬಿಟ್ಟು, ಮನೆಯ ಶಾಖಕ್ಕೆ ಬಂದ ಮೇಲೆ ಹೊರತೆಗೆಯಿರಿ.

ಒಂದೇ ಜಾಗವೇ, ಬೇರೆ ಬೇರೆ ಜಾಗವೇ?

ಯಾವ ತಂತ್ರಾಂಶವೂ ಇಲ್ಲದೆ ಮಾಡಬಹುದಾದ, ನನ್ನ ಮಟ್ಟಿಗೆ ಅತ್ಯಂತ ಉಪಯುಕ್ತವಾದ ಪರೀಕ್ಷೆಯೊಂದಿದೆ. ತೊಂದರೆ ಕೊಡುವ ಒಂದು ದೊಡ್ಡ ಕಡತವನ್ನು ಕಂಪ್ಯೂಟರಿಗೆ ನಕಲಿಸಿ, ಎಷ್ಟನೆಯ ಪ್ರತಿಶತದಲ್ಲಿ ನಿಂತಿತೆಂದು ಬರೆದಿಟ್ಟುಕೊಳ್ಳಿ, ಮತ್ತೊಮ್ಮೆ ಮಾತ್ರ ನಕಲಿಸಿ. ಎರಡು ಸಲವೂ 43ಕ್ಕೇ ನಿಂತರೆ ತಟ್ಟೆಯ ಮೇಲಿನ ಒಂದು ನಿರ್ದಿಷ್ಟ ಜಾಗ ಓದಲಾಗುತ್ತಿಲ್ಲ. ಮೊದಲ ಸಲ 12ಕ್ಕೆ, ಎರಡನೆಯ ಸಲ 61ಕ್ಕೆ ನಿಂತರೆ, ಅಥವಾ ಎರಡನೆಯ ಸಲ ಪೂರ್ತಿಯಾಗಿಯೇ ಬಿಟ್ಟರೆ, ಕೇಬಲ್, ಪೋರ್ಟ್, ವಿದ್ಯುತ್ ಅಥವಾ ಬ್ರಿಡ್ಜ್ ಬೋರ್ಡ್‌ನ ಕಡೆ ನೋಡಬೇಕು. ಎರಡಕ್ಕಿಂತ ಹೆಚ್ಚು ಸಲ ಇದನ್ನು ಮಾಡಬೇಡಿ, ಏಕೆಂದರೆ ದುರ್ಬಲವಾದ ಡಿಸ್ಕ್‌ಗೆ ಪ್ರತಿ ಓದೂ ಹೊರೆಯೇ.

ಇದನ್ನು ದೃಢಪಡಿಸಿಕೊಳ್ಳಲು ಕಂಪ್ಯೂಟರ್ ತಾನೇ ಬರೆದಿಟ್ಟ ದಾಖಲೆಯನ್ನು ತೆರೆಯಿರಿ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್ ಎಂಬಲ್ಲಿ ‘ಡಿಸ್ಕ್’ ಮೂಲದಿಂದ ಬಂದ ನಮೂದುಗಳನ್ನು ನೋಡಿ. 7ನೆಯ ಸಂಖ್ಯೆಯ ನಮೂದು ಕೆಟ್ಟ ಬ್ಲಾಕನ್ನು ಸೂಚಿಸುತ್ತದೆ. 157 ಎಂಬುದು ಡಿಸ್ಕ್ ಅನಿರೀಕ್ಷಿತವಾಗಿ ಕಳಚಿಹೋಯಿತೆಂದು ಹೇಳುತ್ತದೆ. 153 ಬಂದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೆ ಪ್ರಯತ್ನಿಸಬೇಕಾಯಿತೆಂದು ಅರ್ಥ, ಅದೊಂದರಿಂದಲೇ ಯಾವ ತೀರ್ಮಾನಕ್ಕೂ ಬರಲಾಗದು. ಲಿನಕ್ಸ್ ಬಳಸುವವರಿಗೆ ಕರ್ನಲ್ ದಾಖಲೆಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ: ‘ಮೀಡಿಯಂ ಎರರ್’, ‘ಅನ್‌ರಿಕವರ್ಡ್ ರೀಡ್ ಎರರ್’ ಎಂಬ ಮಾತುಗಳಿದ್ದರೆ ದೋಷ ತಟ್ಟೆಯದು, ‘ಯುಎಸ್‌ಬಿ ಡಿಸ್‌ಕನೆಕ್ಟ್’ ಎಂಬುದಷ್ಟೇ ಪದೇ ಪದೇ ಇದ್ದರೆ ದೋಷ ಸಂಪರ್ಕದ್ದು.

ಸ್ಮಾರ್ಟ್ ಅಂಕಿಗಳನ್ನು ಓದುವುದು

ಪ್ರತಿ ಹಾರ್ಡ್ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ಎಂಬ ಪಟ್ಟಿಯಲ್ಲಿ ಬರೆದಿಡುತ್ತದೆ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಅಥವಾ ಜಿಸ್ಮಾರ್ಟ್‌ಕಂಟ್ರೋಲ್ ಅದನ್ನು ತೋರಿಸುತ್ತವೆ. ಎಲ್ಲವೂ ಉಚಿತ. ಕೆಲವು ಬ್ರಿಡ್ಜ್ ಬೋರ್ಡ್‌ಗಳು ಈ ಪಟ್ಟಿಯನ್ನು ಯುಎಸ್‌ಬಿಯ ಮೂಲಕ ದಾಟಿಸುವುದಿಲ್ಲ. ಪಟ್ಟಿ ಖಾಲಿ ಬಂದರೆ ಡಿಸ್ಕ್ ಸತ್ತಿದೆಯೆಂದು ಭಾವಿಸಬೇಕಿಲ್ಲ.

ಮೇಲ್ಗಡೆ ‘ಗುಡ್’ ಎಂದು ಬಂದಿರುವುದನ್ನು ನೋಡಿ ಸಮಾಧಾನಪಟ್ಟುಕೊಳ್ಳುವವರು ಬಹಳ. ತಯಾರಕರು ಇಟ್ಟ ಮಿತಿ ದಾಟುವವರೆಗೂ ಡಿಸ್ಕ್ ತನ್ನನ್ನು ತಾನು ಆರೋಗ್ಯವಂತನೆಂದೇ ಹೇಳಿಕೊಳ್ಳಬಹುದು, ಹಾಗಾಗಿ ‘ರಾ ವ್ಯಾಲ್ಯೂಸ್’ ಕಾಲಮಿನ ಅಂಕಿಗಳನ್ನೇ ಓದಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಈ ಅಂಕಿಗಳನ್ನು ಹದಿನಾರರ ಮಾನದಲ್ಲಿ ತೋರಿಸುತ್ತದೆ. ಅಲ್ಲಿ ಸೊನ್ನೆಗಳ ಸಾಲಿನ ಕೊನೆಗೆ ‘ಸಿ8’ ಎಂದಿದ್ದರೆ ಅದು ನಮ್ಮ ಲೆಕ್ಕದ 200, ‘10’ ಎಂದಿದ್ದರೆ 16. ಮೆನುವಿನಲ್ಲಿ ಇದನ್ನು ದಶಮಾಂಶಕ್ಕೆ ಬದಲಿಸಿಕೊಳ್ಳುವ ಅವಕಾಶವಿದೆ.

ನೋಡಬೇಕಾದ ಸಾಲುಗಳು ಹೆಚ್ಚಿಲ್ಲ. 05 ಎಂಬುದು ಡಿಸ್ಕ್ ಈಗಾಗಲೇ ಕೈಬಿಟ್ಟು, ಕಾದಿಟ್ಟ ಬೇರೆ ಜಾಗಕ್ಕೆ ಬದಲಾಯಿಸಿಕೊಂಡ ಸೆಕ್ಟರ್‌ಗಳ, ಅಂದರೆ ತಟ್ಟೆಯ ಮೇಲಿನ ಸಣ್ಣ ಸಣ್ಣ ಭಾಗಗಳ, ಸಂಖ್ಯೆ. ಸಿ5 ಎಂಬುದು ಓದಲಾಗದೆ, ಇನ್ನೂ ತೀರ್ಮಾನವಾಗದೆ ಬಾಕಿ ಉಳಿದ ಸೆಕ್ಟರ್‌ಗಳದು. ಸಿ6 ಎಂಬುದು ಡಿಸ್ಕ್ ತಾನೇ ನಡೆಸಿದ ಪರೀಕ್ಷೆಯಲ್ಲಿ ತಿದ್ದಲಾಗದೆ ಹೋದವುಗಳದು. ಈ ಮೂರೂ ಸೊನ್ನೆಯಾಗಿದ್ದು, ಕಡತಗಳು ಮಾತ್ರ ತೆರೆಯದಿದ್ದರೆ, ಅಥವಾ ಫಾರ್ಮ್ಯಾಟ್ ಕೇಳುತ್ತಿದ್ದರೆ, ತಟ್ಟೆ ಬಹುಮಟ್ಟಿಗೆ ಸರಿಯಿದ್ದು ಫೈಲ್ ಸಿಸ್ಟಮ್ ಕೆಟ್ಟಿದೆಯೆಂದು ಊಹಿಸಬಹುದು. ಸುರಕ್ಷಿತವಾಗಿ ಕಳಚದೆ ಕೇಬಲ್ ಎಳೆಯುವುದು ಅದಕ್ಕೆ ಸಾಮಾನ್ಯ ಕಾರಣ.

ಸಿ5 ಕುರಿತು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇದನ್ನು ತಪ್ಪಾಗಿ ಓದುವವರೇ ಹೆಚ್ಚು. ಇಂದಿನ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಒಂದು ಸೆಕ್ಟರ್ ಎಂದರೆ 4096 ಬೈಟ್. ಪ್ರತಿಯೊಂದರ ಜೊತೆಗೂ ತಪ್ಪು ತಿದ್ದುವ ಸಂಕೇತವೊಂದು ಬರೆದಿರುತ್ತದೆ. ಓದಿದ್ದು ಆ ಸಂಕೇತಕ್ಕೆ ಹೊಂದದಿದ್ದರೆ ಡಿಸ್ಕ್ ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ಕಂಪ್ಯೂಟರ್ ಹಲವು ಸೆಕೆಂಡು ಸ್ತಬ್ಧವಾದಂತೆ ಕಾಣುವುದು ಆಗಲೇ. ಕೊನೆಗೂ ಆಗದಿದ್ದರೆ ಆ ಸೆಕ್ಟರನ್ನು ಬಾಕಿಯ ಪಟ್ಟಿಗೆ ಸೇರಿಸುತ್ತದೆ. ಸಾಮಾನ್ಯವಾಗಿ ಅಲ್ಲಿ ಹೊಸದಾಗಿ ಏನನ್ನಾದರೂ ಬರೆದಾಗಲೇ ಅದರ ತೀರ್ಮಾನವಾಗುವುದು: ಬರೆದದ್ದು ಸರಿಯಾಗಿ ನಿಂತರೆ ಬಾಕಿಯಿಂದ ಹೆಸರು ಹೋಗುತ್ತದೆ, ನಿಲ್ಲದಿದ್ದರೆ ಬೇರೆ ಜಾಗಕ್ಕೆ ಬದಲಾಗಿ 05ರ ಅಂಕಿ ಏರುತ್ತದೆ. ಮಳೆಗಾಲದ ರಾತ್ರಿ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಸೆಕ್ಟರ್ ಅರ್ಧಂಬರ್ಧ ಬರೆದ ಸ್ಥಿತಿಯಲ್ಲಿ ಉಳಿಯಬಹುದು. ತಟ್ಟೆಗೆ ಏನೂ ಆಗದಿದ್ದರೂ ಆಗ ಸಿ5 ಒಂದೆರಡು ತೋರಿಸುತ್ತದೆ. ಆದ್ದರಿಂದ ಒಂದು ದಿನ ಕಂಡ ಅಂಕಿಗಿಂತ ಅದು ಏರುತ್ತಿದೆಯೇ ಎಂಬುದು ಮುಖ್ಯ. ಬೆಳಿಗ್ಗೆ 8 ಇದ್ದದ್ದು ಸಂಜೆಗೆ 40 ಆದರೆ ಆ ಡಿಸ್ಕ್‌ಗೆ ಉಳಿದ ಸಮಯ ಕಡಿಮೆ. ಪರೀಕ್ಷೆಗಳನ್ನು ನಿಲ್ಲಿಸಿ ನೇರವಾಗಿ ನಕಲಿಸುವ ಹಂತಕ್ಕೆ ಹೋಗಿ.

ಸಿ7 ಎಂಬ, ಸಾಗಣೆಯಲ್ಲಿ ಮಾಹಿತಿ ಕೆಟ್ಟದ್ದನ್ನು ಎಣಿಸುವ ಸಿಆರ್‌ಸಿ ದೋಷದ ಸಾಲು ಏರುತ್ತಿದ್ದರೆ ಯುಎಸ್‌ಬಿ ಕೇಬಲ್ ಬದಲಿಸಿ ಎಂದು ಸಲಹೆ ಕೊಡುವುದನ್ನು ಕೇಳಿದ್ದೇನೆ. ಎಕ್ಸ್‌ಟರ್ನಲ್ ಡಿಸ್ಕ್‌ನ ಮಟ್ಟಿಗೆ ಅದು ಸರಿಯಲ್ಲ. ಆ ಸಾಲು ಎಣಿಸುವುದು ಡಿಸ್ಕ್ ಮತ್ತು ಬ್ರಿಡ್ಜ್ ಬೋರ್ಡ್‌ನ ನಡುವೆ ಪೆಟ್ಟಿಗೆಯೊಳಗಿರುವ ಸಾಟಾ ಎಂಬ ಸಂಪರ್ಕದ ತಪ್ಪುಗಳನ್ನು, ಹೊರಗಿನ ಯುಎಸ್‌ಬಿ ತಂತಿಯ ತಪ್ಪುಗಳನ್ನಲ್ಲ. ಅದು ಏರುತ್ತಿದ್ದರೆ ಪೆಟ್ಟಿಗೆಯ ಒಳಗಿನ ಜೋಡಣೆ ಸಡಿಲಾಗಿದೆ ಅಥವಾ ಕಿಲುಬು ಹಿಡಿದಿದೆ. ಒಳಗೆ ಸಾಟಾ ಡಿಸ್ಕ್ ಇರುವ ಮಾದರಿಯಾದರೆ ಅದನ್ನು ಹೊರತೆಗೆದು ಬೇರೆ ಸಾಟಾ ಜೋಡಕಕ್ಕೆ ಹಾಕಿ ನೋಡಬಹುದು. ಆದರೆ ಕೆಲವು ಮಾದರಿಗಳಲ್ಲಿ ಯುಎಸ್‌ಬಿ ಕೊಂಡಿಯನ್ನು ಡಿಸ್ಕ್‌ನ ಸರ್ಕ್ಯೂಟ್‌ಗೇ ಬೆಸೆದಿರುತ್ತಾರೆ. ಇನ್ನು ಕೆಲವದರಲ್ಲಿ ಬ್ರಿಡ್ಜ್ ಬೋರ್ಡ್ ಮಾಹಿತಿಯನ್ನು ಗೂಢಲಿಪೀಕರಿಸಿ ಬರೆದಿರುವುದರಿಂದ, ಆ ಬೋರ್ಡ್ ಇಲ್ಲದೆ ಡಿಸ್ಕ್ ಓದಿದರೂ ಅರ್ಥವಾಗದ ಅಕ್ಷರಗಳಷ್ಟೇ ಸಿಗುತ್ತವೆ. ಪೆಟ್ಟಿಗೆ ತೆರೆಯುವ ಮೊದಲು ನಿಮ್ಮ ಮಾದರಿ ಯಾವುದೆಂದು ತಿಳಿದುಕೊಳ್ಳಿ. ಸಿ7 ಒಮ್ಮೆ ಏರಿದರೆ ಮತ್ತೆ ಇಳಿಯುವುದಿಲ್ಲ. ಹಳೆಯ ಅಂಕಿ ಹಾಗೆಯೇ ನಿಂತಿದ್ದರೆ ಚಿಂತಿಸಬೇಕಾಗಿಲ್ಲ.

ಸೀಗೇಟ್ ಡಿಸ್ಕ್‌ಗಳಲ್ಲಿ 01 ಮತ್ತು 07ರ ಸಾಲುಗಳಲ್ಲಿ ಕೋಟಿಗಟ್ಟಲೆ ಅಂಕಿ ಕಂಡು ಗಾಬರಿಯಾಗುವವರಿದ್ದಾರೆ. ಅವುಗಳಲ್ಲಿ ನಡೆದ ಕೆಲಸಗಳ ಎಣಿಕೆಯೂ ಸೇರಿರುತ್ತದೆ, ಅದು ಸಹಜ.

ತಟ್ಟೆಯ ಪೂರ್ಣ ಪರೀಕ್ಷೆ

ಅಂಕಿಗಳೆಲ್ಲ ಸರಿಯಿದ್ದೂ ಅನುಮಾನ ಉಳಿದರೆ, ಮತ್ತು ಒಳಗಿನ ಮಾಹಿತಿಯ ಇನ್ನೊಂದು ಪ್ರತಿ ನಿಮ್ಮಲ್ಲಿದ್ದರೆ ಮಾತ್ರ, ಸ್ಮಾರ್ಟ್‌ನ ದೀರ್ಘ ಸ್ವಪರೀಕ್ಷೆಯನ್ನು ನಡೆಸಬಹುದು. ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ಒಂದು ಟೆರಾಬೈಟ್ ಓದಲು ಸುಮಾರು 2 ಗಂಟೆ 45 ನಿಮಿಷ ಬೇಕು. ಮೊದಲ ಓದಲಾಗದ ಜಾಗ ಸಿಕ್ಕಿದಲ್ಲಿ ಪರೀಕ್ಷೆ ಸಾಮಾನ್ಯವಾಗಿ ನಿಂತು ಆ ಸೆಕ್ಟರ್‌ನ ಸಂಖ್ಯೆಯನ್ನು ಕೊಡುತ್ತದೆ. ವಿಕ್ಟೋರಿಯಾದಂತಹ ತಂತ್ರಾಂಶ ಬಳಸುವವರು ‘ರೀಡ್’ ಮತ್ತು ‘ಇಗ್ನೋರ್’ ಎಂಬ ಆಯ್ಕೆಗಳಲ್ಲೇ ಇರಬೇಕು. ಅದರಲ್ಲಿ ಅಳಿಸುವ ಆಯ್ಕೆಯೂ ಪಕ್ಕದಲ್ಲೇ ಇದೆ.

ಮಾಹಿತಿಯನ್ನು ಹೊರತೆಗೆಯುವುದು

ತಟ್ಟೆಯ ದೋಷ ಖಚಿತವಾದ ಮೇಲೆ ಫೋಲ್ಡರ್‌ಗಳನ್ನು ಎಳೆದು ನಕಲಿಸುವ ಪದ್ಧತಿಯನ್ನು ಬಿಟ್ಟುಬಿಡಿ. ಕೆಟ್ಟ ಜಾಗದಲ್ಲಿ ವಿಂಡೋಸ್ ಸಿಕ್ಕಿಕೊಂಡು ಡಿಸ್ಕನ್ನು ಸುಮ್ಮನೆ ದಣಿಸುತ್ತದೆ. ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಇದಕ್ಕೆಂದೇ ಇದೆ. ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಕಂಪ್ಯೂಟರ್ ಆರಂಭಿಸಿದರೆ ಇದು ಸಿದ್ಧವಾಗಿ ಸಿಗುತ್ತದೆ. ಇದು ಮೊದಲು ಸುಲಭವಾಗಿ ಓದಲಾಗುವ ಭಾಗಗಳನ್ನೆಲ್ಲ ವೇಗವಾಗಿ ಎತ್ತಿಕೊಂಡು, ತೊಂದರೆಯ ಜಾಗಗಳನ್ನು ಹಾರಿ ಮುಂದೆ ಹೋಗುತ್ತದೆ, ಅವನ್ನು ಕೊನೆಗೆ ಪ್ರಯತ್ನಿಸುತ್ತದೆ. ಗೊನೆ ಕೊಯ್ಯುವವರು ಕೈಗೆ ಸಿಗುವ ಮರಗಳನ್ನು ಮೊದಲು ಮುಗಿಸಿ, ಜಾರುವ ಮರವನ್ನು ಕೊನೆಗೆ ಬಿಟ್ಟುಕೊಳ್ಳುವ ರೀತಿ ಇದು.

ಬೇಕಾಗುವುದು ಹಾಳಾದ ಡಿಸ್ಕ್‌ಗಿಂತ ದೊಡ್ಡದಾದ ಒಂದು ಗುರಿ ಡಿಸ್ಕ್. ಆಜ್ಞೆಯಲ್ಲಿ ಮೊದಲು ಮೂಲ, ಆಮೇಲೆ ಗುರಿ, ಕೊನೆಗೆ ಮ್ಯಾಪ್ ಫೈಲ್‌ನ ಹೆಸರು ಬರುತ್ತದೆ. ಮೂಲ ಮತ್ತು ಗುರಿ ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಮಾಹಿತಿಯ ಮೇಲೆ ಬರೆದುಕೊಳ್ಳುತ್ತದೆ. ಹಾಗಾಗಿ ಎರಡರ ಗಾತ್ರ ಮತ್ತು ಸೀರಿಯಲ್ ಸಂಖ್ಯೆಯನ್ನು ಕಾಗದದ ಮೇಲೆ ಬರೆದು, ಎಂಟರ್ ಒತ್ತುವ ಮೊದಲು ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ತಾಳೆ ನೋಡುವುದು ನನ್ನ ಪದ್ಧತಿ. ಮ್ಯಾಪ್ ಫೈಲನ್ನು ಎಂದೂ ಬಿಡಬೇಡಿ. ಯಾವ ಭಾಗ ಬಂತು, ಯಾವುದು ಬಾಕಿ ಎಂಬುದು ಅದರಲ್ಲಿರುವುದರಿಂದ ನಡುವೆ ಕರೆಂಟು ಹೋದರೂ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗಗಳನ್ನು ಕೆದಕಿ ಓದಲು ಯತ್ನಿಸದಿರುವ ಆಯ್ಕೆಯನ್ನು ಕೊಟ್ಟು, ಆಮೇಲಿನ ಸುತ್ತಿನಲ್ಲಿ ಎರಡು ಮೂರು ಮರುಪ್ರಯತ್ನ ಕೊಟ್ಟರೆ ಸಾಕು. ಯುಪಿಎಸ್ ಇರಲಿ, ಡಿಸ್ಕ್‌ನ ಮೇಲೆ ಟೇಬಲ್ ಫ್ಯಾನಿನ ಗಾಳಿ ಬೀಳಲಿ, ಸಿ2 ತೋರಿಸುವ ಉಷ್ಣತೆ 50 ಡಿಗ್ರಿ ದಾಟದಿರಲಿ.

ಪ್ರತಿ ಸಿದ್ಧವಾದ ಮೇಲೆ ಮೂಲ ಡಿಸ್ಕನ್ನು ಕಳಚಿ ಎತ್ತಿಡಿ. ಇನ್ನು ಮುಂದಿನ ಕೆಲಸವೆಲ್ಲ ಪ್ರತಿಯ ಮೇಲೆಯೇ. ಡಿಸ್ಕ್‌ನ ವಿಭಾಗಗಳು (ಪಾರ್ಟಿಷನ್) ಕಾಣದಿದ್ದರೆ ಟೆಸ್ಟ್‌ಡಿಸ್ಕ್, ಹೆಸರು ಹೋದರೂ ಚಿತ್ರ ಮತ್ತು ಧ್ವನಿಯ ಕಡತಗಳಾದರೂ ಸಿಗಲಿ ಎಂದಾದರೆ ಫೋಟೋರೆಕ್. ಚೆಕ್‌ಡಿಸ್ಕ್ ಓಡಿಸಲು ಸರಿಯಾದ ಜಾಗವೂ ಸಮಯವೂ ಇದೇ, ಅದೂ ಆ ಪ್ರತಿಯ ಇನ್ನೊಂದು ನಕಲನ್ನು ತೆಗೆದಿಟ್ಟ ಮೇಲೆ.

ಟಕ್ ಎನ್ನುವ, ತಿರುಗದ, ನೀರಿಗೆ ಬಿದ್ದ ಡಿಸ್ಕ್‌ಗಳು ಮನೆಯ ಕೆಲಸವಲ್ಲ. ಧೂಳಿಲ್ಲದ ಕೋಣೆಯಿರುವ ದತ್ತಾಂಶ ಮರುಪಡೆಯುವ ಪ್ರಯೋಗಾಲಯಕ್ಕೇ ಅವನ್ನು ಕೊಡಬೇಕು. ಶುಲ್ಕ, ಏನೂ ಸಿಗದಿದ್ದರೆ ಎಷ್ಟು ಕೊಡಬೇಕು ಎಂಬುದನ್ನು ಬರವಣಿಗೆಯಲ್ಲಿ ಮೊದಲೇ ಪಡೆಯಿರಿ. ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಹತ್ತಿ ಹೋಗುವ ದಾರಿಯಲ್ಲಿ ಡಿಸ್ಕನ್ನು ಬಸ್ಸಿನ ಡಿಕ್ಕಿಯಲ್ಲಿ ಹಾಕದೆ, ಬಟ್ಟೆಗಳ ನಡುವೆ ಸುತ್ತಿ ತೊಡೆಯ ಮೇಲಿಟ್ಟುಕೊಳ್ಳಿ.

ಮಾಹಿತಿ ಭದ್ರವಾದ ನಂತರ ಹಳೆಯ ಡಿಸ್ಕನ್ನು ಇಟ್ಟುಕೊಳ್ಳಬೇಕೇ ಎಂಬುದನ್ನು ಅದರಿಂದಲೇ ಕೇಳಬಹುದು. ಈಗ ಬರೆಯಲು ಅಡ್ಡಿಯಿಲ್ಲದ ಕಾರಣ, ‘ಕ್ವಿಕ್’ ಎಂಬ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿ. ವಿಂಡೋಸ್ ಆ ವಿಭಾಗದ ಉದ್ದಕ್ಕೂ ಸೊನ್ನೆಗಳನ್ನು ಬರೆಯುತ್ತದೆ, ಅಲ್ಲಿ ಬಾಕಿಯಿದ್ದ ಸೆಕ್ಟರ್‌ಗಳ ತೀರ್ಮಾನವೂ ಆಗುತ್ತದೆ. ಆಮೇಲೆ ಸಿ5 ಸೊನ್ನೆಗೆ ಇಳಿದು 05 ಏರದೆ ಉಳಿದಿದ್ದರೆ, ಇನ್ನೊಂದು ಪ್ರತಿ ಬೇರೆಡೆ ಇರುವ ಮಾಹಿತಿಗೆ ಅದನ್ನು ಬಳಸಬಹುದು. 05 ಏರಿದ್ದರೆ, ಅದು ಒಂದೇ ಆಗಿದ್ದರೂ, ನಾನು ಆ ಡಿಸ್ಕ್‌ಗೆ ತಾಳಮದ್ದಳೆಯ ಒಂದು ಗಂಟೆಯನ್ನೂ ಒಪ್ಪಿಸುವುದಿಲ್ಲ. ಬಳಸುವ ಡಿಸ್ಕ್‌ನ ಬೆನ್ನಿಗೆ ಒಂದು ಚೀಟಿ ಅಂಟಿಸಿ ತಾರೀಖು ಮತ್ತು 05, ಸಿ5, ಸಿ7ರ ಅಂಕಿಗಳನ್ನು ಬರೆಯಿರಿ. ಮುಂದಿನ ಜೂನ್‌ಗೆ ಮೊದಲು ಮತ್ತೊಮ್ಮೆ ಓದಿ, ಅದೇ ಚೀಟಿಯಲ್ಲಿ ಕೆಳಗಿನ ಸಾಲಿಗೆ ಬರೆಯಿರಿ.